ಕುರ್ಚಿ ಕ್ಯಾಪ್ಟನ್

ಕುರ್ಚಿ ಕ್ಯಾಪ್ಟನ್ ಎಂದರೆ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುವ, ಸಾಮಾನ್ಯವಾಗಿ ನಲವತ್ತು ದಾಟಿದ ಗೃಹಸ್ಥ. ಇವರಲ್ಲಿ ಪಂಗಡಗಳುಂಟು. ದೊಡ್ಡ ಜೆಟ್‌ನವನು ನಿರಪಾಯಕಾರಿ. ಆಟೊಪೈಲಟ್ ಹಾಕಿ ಊಟಕ್ಕಾದರೂ ಎದ್ದು ಬರುತ್ತಾನೆ. ಪುಟ್ಟ ವಿಮಾನವನ್ನು ಬೆಟ್ಟದ ಮೇಲಿನ ರನ್‌ವೇಗೆ ಇಳಿಸುವವನು ಹಾಗಲ್ಲ. ಅವನಿಗೆ ಪಕ್ಕದಲ್ಲಿ ಒಬ್ಬರು ಬೇಕು.

ಇವನ ವಾಸ ಒಂದು ಕಾಲಕ್ಕೆ ನೆಂಟರ ಕೋಣೆಯಾಗಿದ್ದ ಜಾಗದಲ್ಲಿ. ಮೇಜಿನ ಮೇಲೆ ಜಾಯ್‌ಸ್ಟಿಕ್, ಕೆಳಗೆ ರಡ್ಡರ್ ಪೆಡಲ್, ಗೋಡೆಯ ಮೇಲೆ ಮೂರು ಗಡಿಯಾರ: ಒಂದು ನಮ್ಮ ಕಾಲ, ಒಂದು ಅದಕ್ಕಿಂತ 15 ನಿಮಿಷ ಮುಂದಿರುವ ನೇಪಾಳದ್ದು, ಮತ್ತೊಂದು ವೈಮಾನಿಕರ ಜೂಲು ಕಾಲ. ಸಂಜೆ ಐದರ ಕಾಫಿಯನ್ನು ಇವನು 1130 ಜೂಲುಗೆ ಕೇಳುತ್ತಾನೆ. ಹೆಂಡತಿ ಫ್ಲಾಸ್ಕಿಗೆ ಹಾಕಿಟ್ಟು ಕೈತೊಳೆದುಕೊಂಡಿದ್ದಾರೆ.

ಪಂಗಡದ ಪುಣ್ಯಕ್ಷೇತ್ರ ನೇಪಾಳದ ಲುಕ್ಲಾ. ಎಡ್ಮಂಡ್ ಹಿಲರಿಯ ಮುತುವರ್ಜಿಯಲ್ಲಿ 1964ರಲ್ಲಿ ಆದ ನಿಲ್ದಾಣ. 2001ರವರೆಗೆ ಟಾರೂ ಕಂಡಿರಲಿಲ್ಲ. ಎತ್ತರ 2,845 ಮೀಟರ್. ರನ್‌ವೇ ಉದ್ದ 527 ಮೀಟರ್. ಬೆಂಗಳೂರಿನ ದೇವನಹಳ್ಳಿಯಲ್ಲಿ ಅದು 4,000. ಸಾಲದ್ದಕ್ಕೆ ಶೇಕಡಾ 12ರಷ್ಟು ಏರು. ಮೇಲ್ತುದಿಯಲ್ಲಿ ಗೋಡೆ ಮತ್ತು ಬೆಟ್ಟ, ಕೆಳತುದಿಯಲ್ಲಿ ಕಣಿವೆ. ಇಳಿಯುವುದು ಏರುಮುಖವಾಗಿ, ಹಾರುವುದು ಇಳಿಮುಖವಾಗಿ. ಹತ್ತಿರ ಬಂದಮೇಲೆ ಬೇಡವೆಂದು ಮತ್ತೆ ಮೇಲೇಳಲು ಬೆಟ್ಟ ಬಿಡುವುದಿಲ್ಲ.

ಎತ್ತರದಲ್ಲಿ ಗಾಳಿ ತೆಳು. ಸೆಸ್ನಾ 172ರಂಥ ವಿಮಾನದ ಎಂಜಿನ್ ಅಲ್ಲಿ ಸುಮಾರು ಕಾಲು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿಗೆ ತಕ್ಕಂತೆ ಪೆಟ್ರೋಲನ್ನೂ ಮಿಕ್ಸ್ಚರ್ ಹಿಡಿಕೆಯಿಂದ ತಗ್ಗಿಸಬೇಕು. ವೇಗದ ಮುಳ್ಳು ಸಮುದ್ರಮಟ್ಟದಲ್ಲಿದ್ದಷ್ಟೇ ತೋರಿಸುತ್ತಿದ್ದರೂ ವಿಮಾನ ನಿಜಕ್ಕೂ ಅದಕ್ಕಿಂತ ಜೋರಾಗಿ ನುಗ್ಗುತ್ತಿರುತ್ತದೆ. ಏರು ರನ್‌ವೇ ಕಣ್ಣನ್ನೂ ಮೋಸಗೊಳಿಸುತ್ತದೆ: ತಾನು ತೀರಾ ಮೇಲಿದ್ದೇನೆಂದು ತೋರಿ ಪೈಲಟ್ ಬೇಕಾದ್ದಕ್ಕಿಂತ ಕೆಳಗಿಳಿಯುತ್ತಾನೆ. ಕ್ಯಾಪ್ಟನ್ ಇವಿಷ್ಟನ್ನೂ ವಿವರಿಸಬಲ್ಲ. ವಿವರಿಸುತ್ತಲೇ ಕೆಳಗಿಳಿಯುತ್ತಾನೆ.

ಇನ್ನು ಕೋ-ಪೈಲಟ್ ವಿಚಾರ. ಲುಕ್ಲಾದಲ್ಲಿ ಮಧ್ಯಾಹ್ನಕ್ಕೆ ಮೋಡ, ಗಾಳಿ ಏಳುವುದರಿಂದ ಅಲ್ಲಿನ ಹಾರಾಟವೆಲ್ಲ ಬೆಳಗ್ಗೆಯೇ. ಸಿಮ್ಯುಲೇಟರ್ ಅಲ್ಲಿನ ಆ ಹೊತ್ತಿನ ಹವೆಯನ್ನೇ ತರುತ್ತದೆ. ಆದ್ದರಿಂದ ಭಾನುವಾರ ಬೆಳಗ್ಗೆ ಆರಕ್ಕೇ ಅಕ್ಕನ ಮನೆಯಲ್ಲಿ ಮಲಗಿದ್ದ ಭಾವಮೈದುನನ ಹೊದಿಕೆ ಎಳೆಯಲಾಗುತ್ತದೆ. ಅವನ ಕೆಲಸ ಚೆಕ್‌ಲಿಸ್ಟ್ ಓದುವುದು, ತೂಕಡಿಸದಿರುವುದು. "ಫ್ಲಾಪ್ಸ್?" ಎಂದರೆ "ಆಯ್ತು ಭಾವ" ಎನ್ನುವಂತಿಲ್ಲ, "ಸೆಟ್" ಎನ್ನಬೇಕು. ಕಠ್ಮಂಡುವಿನಿಂದ ದಾರಿಯುದ್ದಕ್ಕೂ ಒಂದೊಂದು ಕಣಿವೆಯ ಪರಿಚಯ. ಕಡೆಗೆ ರನ್‌ವೇ ಕಾಣುತ್ತದೆ, ಗೋಡೆಯೂ ಕಾಣುತ್ತದೆ, ಪರದೆ ಕಪ್ಪಾಗುತ್ತದೆ.

"ಹೊಡೀತಾ ಭಾವ?"

"ಹೊಡೆಯೋದೇನು ಬಂತು! ಗಾಳಿ ತಿರುಗ್ತು. ನೀನು ಸ್ಪೀಡ್ ಕೂಗ್ಬೇಕಿತ್ತಪ್ಪಾ."

ತಪ್ಪು ಸದಾ ಕೋ-ಪೈಲಟ್‌ನದು. (ಈ ಮಾಹಿತಿ ಎಲ್ಲಿಯದೆಂದು ಕೇಳಬಾರದು.) ಇಬ್ಬರೂ ಮತ್ತೆ ಕಠ್ಮಂಡುವಿನಿಂದಲೇ ಹೊರಡಬೇಕು. ನಡುದಾರಿಯಿಂದ ಶುರುಮಾಡುವ ಸೌಲಭ್ಯ ಸಿಮ್ಯುಲೇಟರಿನಲ್ಲಿದೆ, ಕ್ಯಾಪ್ಟನ್‌ನ ಧರ್ಮದಲ್ಲಿಲ್ಲ.

ಉಳಿದ ಗುಣಗಳು ಸಣ್ಣಪುಟ್ಟವು. ಮದುವೆಮನೆಯಲ್ಲಿ ಫ್ಯಾನಿನ ಗಾಳಿಯ ದಿಕ್ಕು ಹೇಳುತ್ತಾನೆ. ಸ್ಕೂಟರಿನಲ್ಲಿ ಮಾತ್ರ ಮೂವತ್ತು ದಾಟುವುದಿಲ್ಲ. ವಿಮಾನ ಕುಲುಕಿದಾಗ ಪಕ್ಕದ ಸೀಟಿನ ಅತ್ತೆಗೆ ರೆಕ್ಕೆ ಬಾಗುವುದು ಯಾಕೆ ಒಳ್ಳೆಯದೆಂದು ಎಷ್ಟು ಸಮಾಧಾನವಾಗಿ ಹೇಳುತ್ತಾನೆಂದರೆ, ಅತ್ತೆ ದೇವರ ನಾಮ ನಿಲ್ಲಿಸಿ ಚಕ್ಕುಲಿ ತೆಗೆಯುತ್ತಾರೆ. ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಜಕ್ಕೂರಿನ ಹತ್ತಿರ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ಅಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆಯಿದೆ. ಪಿಯುಸಿ ಮುಗಿದಾಗ ಇವನೂ ವಿಚಾರಿಸಿದ್ದನಂತೆ. ಶುಲ್ಕ ಕೇಳಿ ಬಂದು ಬಿ.ಕಾಂ. ಸೇರಿದ. ಇದನ್ನು ಹೇಳಿದ್ದು ಅಕ್ಕ. ಕಾಕ್‌ಪಿಟ್‌ನಲ್ಲಿ ಕೂತಾಗ ಅವನು ಈ ಮಾತೆತ್ತುವುದಿಲ್ಲ.

ಒಮ್ಮೊಮ್ಮೆ ವಿಮಾನ ಸರಿಯಾಗಿಯೇ ಇಳಿದುಬಿಡುತ್ತದೆ. ಚಕ್ರ ನೆಲ ಮುಟ್ಟಿ, ಏರಿನಲ್ಲಿ ವೇಗ ತಾನಾಗಿ ಕುಗ್ಗಿ, ಬಲಕ್ಕೆ ತಿರುಗಿ ನಿಲ್ಲುತ್ತದೆ. ಆಗ ಕೋ-ಪೈಲಟ್ ಕೂಡ ನಿದ್ದೆಗಣ್ಣಿನಲ್ಲೇ ಎರಡು ಚಪ್ಪಾಳೆ ತಟ್ಟಿರುವುದು ಉಂಟು. ಎಂಜಿನ್ ಆರಿಸುವುದಕ್ಕೂ ಬೇರೆ ಚೆಕ್‌ಲಿಸ್ಟ್ ಇದೆ. ಅದು ಮುಗಿಯುವವರೆಗೆ ಏಳುವಂತಿಲ್ಲ. ಆಮೇಲೆ ಮುಂದಿನ ಭಾನುವಾರ ಫ್ರಾನ್ಸಿನ ಕೂರ್ಶವೆಲ್ ಎಂದು ತಿಳಿಸಲಾಗುತ್ತದೆ. ಅಲ್ಲಿ ಏರು ಇನ್ನೂ ಕಡಿದು, ಶೇಕಡಾ 18ಕ್ಕೂ ಮೇಲೆ.