ಟಾಲ್, ಟಾಲರ್, ಟಾಲೆಸ್ಟ್

ಒಬ್ಬನನ್ನು ಇನ್ನೊಬ್ಬನಿಗಿಂತ ಮೇಲೆ ಕೂರಿಸಲು ಕನ್ನಡಕ್ಕೆ ಒಂದು ‘ಗಿಂತ’ ಸಾಕು. ವಿಶೇಷಣ ಕೂತಲ್ಲಿಂದ ಅಲುಗಾಡುವುದಿಲ್ಲ. ಇಂಗ್ಲಿಷಿನಲ್ಲಿ ಅದರ ಮೈಯಳತೆ ತೆಗೆಯಬೇಕು. ಟಾಲ್‌ನಂಥ ಮೋಟು ಪದವಾದರೆ ಹಿಂದೆ ‘ಅರ್’, ‘ಎಸ್ಟ್’ ಬಾಲ. ಬ್ಯೂಟಿಫುಲ್ ಠೀವಿಯ ಪದ. ಅದಕ್ಕೆ ಬಾಲ ಕೂಡದು. ಸಾಹೇಬರ ಮುಂದೆ ದಫೇದಾರ ನಡೆದಂತೆ ‘ಮೋರ್’, ‘ಮೋಸ್ಟ್’ ಮುಂದೆ ನಡೆಯಬೇಕು. ನಡುಗಾತ್ರದವುಗಳದ್ದೇ ಎಡಬಿಡಂಗಿತನ: ಹ್ಯಾಪಿ ಸಲೀಸಾಗಿ ಹ್ಯಾಪಿಯರ್ ಆಗುತ್ತದೆ, ಫೇಮಸ್ ಮಾತ್ರ ಬಾಲ ಮುಟ್ಟಿದರೆ ಸಿಡುಕುತ್ತದೆ.

ಗುಡ್ ಬೆಟರ್ ಆಗುವಾಗ ಗುರುತೇ ಸಿಗದಷ್ಟು ಬದಲಾಗುತ್ತದೆ. (ಒಳ್ಳೆಯವರಾಗುವ ಕಷ್ಟ ಅಂಥದ್ದು!) ಲ್ಯಾಟಿನ್ ಮನೆತನದ ಸೀನಿಯರ್, ಜೂನಿಯರ್‌ಗಳು ‘ದ್ಯಾನ್’ ಒಲ್ಲೆವು, ‘ಟು’ವೇ ಬೇಕೆಂದು ಪಟ್ಟು ಹಿಡಿಯುತ್ತವೆ.

ಇನ್ನು ನಮ್ಮ ಹೈಸ್ಕೂಲಿನ ವ್ಯಾಕರಣ. ರಾಮ ತರಗತಿಯಲ್ಲೇ ಎತ್ತರದ ಹುಡುಗ ಎಂಬ ಒಂದೇ ಸಂಗತಿಯನ್ನು ಮೂರು ಡಿಗ್ರಿಗಳಲ್ಲಿ ತಿರುಗಿಸಿ ಬರೆಯಬೇಕು. ಎಷ್ಟು ತಿರುಗಿಸಿದರೂ ರಾಮ ಒಂದಂಗುಲ ಬೆಳೆಯುವುದಿಲ್ಲ. ನಮ್ಮ ಮಾರ್ಕು ಮಾತ್ರ ಗಿಡ್ಡವಾಗುತ್ತದೆ. ‘ಮೋರ್ ಬೆಟರ್’ ಎಂದು ಬರೆದವನ ಕಿವಿ ಕೆಂಪಾಗುತ್ತಿತ್ತು.

ಪಾಪ, ಅವನಿಗೆ ವಕೀಲರಿರಲಿಲ್ಲ. ಶೇಕ್ಸ್‌ಪಿಯರ್ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ‘ಮೋಸ್ಟ್’ ಮತ್ತು ‘ಎಸ್ಟ್’ ಎರಡನ್ನೂ ಒಂದೇ ಪದಕ್ಕೆ ಗಂಟುಹಾಕಿದ್ದಾನೆ. ಅವನ ಕಾಲದಲ್ಲಿ ಅದಕ್ಕೆ ಯಾರೂ ಬೆತ್ತ ಹಿಡಿಯುತ್ತಿರಲಿಲ್ಲ. 1865ರಲ್ಲಿ ಲೂಯಿಸ್ ಕ್ಯಾರಲ್‌ನ ಆಲಿಸ್ ಬೆರಗಾಗಿ ಕ್ಯೂರಿಯಸ್‌ಗೂ ‘ಅರ್’ ಅಂಟಿಸಿದಳು. ಅದು ತಪ್ಪೆಂದು ಗೊತ್ತಿದ್ದೇ ಇಂಗ್ಲಿಷರು ಇಂದಿಗೂ ಮುದ್ದಿನಿಂದ ಹಾಗೆನ್ನುತ್ತಾರೆ. ನಮ್ಮ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಹಾಗೆ ಬರೆಯಲಿ ನೋಡೋಣ!