ಮೈನಸ್ ನಲವತ್ತರ ಭಾವ

ನಮ್ಮ ಭಾವನವರಿಗೆ ಹಿಮ ಎಂದರೆ ಪ್ರಾಣ. ಟೀವಿಯೊಳಗಿನ ಹಿಮ. ಹೊರಗೆ ಚಾಮರಾಜಪೇಟೆಯ ಡಿಸೆಂಬರಿನಲ್ಲಿ, 16 ಡಿಗ್ರಿಗೇ ಅವರಿಗೆ ಮಂಕಿ ಟೋಪಿ, ಅದರ ಮೇಲೆ ಮಫ್ಲರು, ಕಿವಿಗೆ ಹತ್ತಿ. ಇಷ್ಟು ಕವಚ ತೊಟ್ಟ ಮೇಲೇ ಹಾಲಿನ ಪ್ಯಾಕೆಟ್ಟಿಗೆ ಗೇಟು ದಾಟುವುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಅವತ್ತೂ ಹಾಲು ತಂದವರು ತಾವೇ ಎಂಬ ಧಾಟಿಯಲ್ಲಿ ಅದನ್ನು ಹೇಳುತ್ತಾರೆ.

ರಾತ್ರಿ ಊಟವಾಗಿ, ರಗ್ಗು ಹೊದ್ದು, ದವಡೆಯಲ್ಲೊಂದು ಜ್ಯೇಷ್ಠಮಧುವಿನ ಕಡ್ಡಿ ಸಿಕ್ಕಿಸಿಕೊಂಡು ಸೋಫಾದ ಮೂಲೆ ಹಿಡಿದರೆಂದರೆ ಆ ಮನುಷ್ಯನೇ ಬೇರೆ. ತೆರೆಯ ಮೇಲೆ ವಿಮಾನ ಬೀಳಬೇಕು, ನೀರ್ಗಲ್ಲು ಕುಸಿಯಬೇಕು, ತೋಳ ಊಳಿಡಬೇಕು. ಯಾರಾದರೂ ಹಾಡು ಶುರುಮಾಡಿದರೆ ಇವರು ಗೊರಕೆ ಶುರುಮಾಡುತ್ತಾರೆ.

ನೋಡುವುದಾದರೂ ಸುಮ್ಮನೆಯೇ? "ಏಯ್, ಹಿಮ ತಿನ್ನಬೇಡ್ವೋ! ಕರಗಿಸ್ಕೊಂಡು ಕುಡಿ! ಮೈಯಲ್ಲಿರೋ ಬಿಸಿಯೆಲ್ಲ ಅದನ್ನ ಕರಗಿಸೋಕೇ ಹೋಗುತ್ತೆ!" ನಾಯಕ ಜೇಬಿನಿಂದ ಬ್ರಾಂದಿ ತೆಗೆದರೆ, "ಕುಡಿದ, ಕೆಟ್ಟ. ರಕ್ತನಾಳ ಹಿಗ್ಗಿ ಇದ್ದ ಬಿಸಿಯೂ ಹೊರಗೆ." ದೇಹದ ಒಳಬಿಸಿ 35 ಡಿಗ್ರಿಗಿಂತ ಇಳಿದರೆ ಏನಾಗುತ್ತದೆ ಎಂಬುದನ್ನು ಹಂತಹಂತವಾಗಿ, ನಮ್ಮ ಅನ್ನ ಆರುವವರೆಗೂ ವಿವರಿಸುತ್ತಾರೆ. ಮೈನಸ್ 40ಕ್ಕೆ ಬಂದರೆ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಎಂಬುದು ಅವರು ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಕೊಡುವ ಪದಾರ್ಥ. ಹೇಳುವುದರಲ್ಲಿ ಒಂದೂ ತಪ್ಪಿರುವುದಿಲ್ಲ. ತೊಂದರೆಯೇ ಅದು.

ದೀಕ್ಷೆ ಆದದ್ದು 1993ರಲ್ಲಿ, 'ಕ್ಲಿಫ್‌ಹ್ಯಾಂಗರ್' ನೋಡಿ. ಸ್ಟಲೋನ್ ಹಿಮದ ಬಂಡೆಯನ್ನು ಬರೀ ಟೀ ಶರ್ಟಿನಲ್ಲಿ ಹತ್ತಿದ್ದನ್ನು ಕಂಡು ಇವರಿಗೆ ಥಿಯೇಟರಿನಲ್ಲೇ ನೆಗಡಿಯಾಯಿತು ಎಂದು ಅಕ್ಕ ಹೇಳುತ್ತಾಳೆ. ಕಥೆ ನಡೆಯುವುದು ಅಮೆರಿಕದ ರಾಕಿ ಪರ್ವತದಲ್ಲಿ, ಬಹುಪಾಲು ಚಿತ್ರೀಕರಿಸಿದ್ದು ಇಟಲಿಯ ಡೋಲಮೈಟ್ಸ್‌ನಲ್ಲಿ ಎಂದು ಆಮೇಲೆ ತಿಳಿದಾಗ, ಗಂಡಿನ ಜಾತಕ ಸುಳ್ಳೆಂದು ಗೊತ್ತಾದವರ ಹಾಗೆ ಕುದ್ದುಹೋದರು. ಅಂದಿನಿಂದ ಯಾವ ಸಿನಿಮಾದ ಹಿಮವನ್ನೂ ವಿಳಾಸ ಕೇಳದೆ ಅವರು ನಂಬುವುದಿಲ್ಲ. 'ದಿ ರೆವೆನಂಟ್' ಪಾಸಾಯಿತು: ಕೆನಡಾದಲ್ಲಿ ಹಿಮ ಕರಗಿತೆಂದು ಇಡೀ ತಂಡ ಅರ್ಜೆಂಟೀನಾದ ದಕ್ಷಿಣ ತುದಿಗೆ ಹೋಯಿತಲ್ಲ, ಅದಕ್ಕೆ. ಡಿಕಾಪ್ರಿಯೋ ಕಾಡೆಮ್ಮೆಯ ಹಸಿ ಪಿತ್ತಜನಕಾಂಗವನ್ನು ನಿಜವಾಗಿಯೇ ಕಚ್ಚಿದ್ದಕ್ಕೆ ಆಸ್ಕರ್ ಸರಿ ಎಂದರು. ಆದರೆ ಮೂಲಪುರುಷ ಹ್ಯೂ ಗ್ಲಾಸ್‌ನ ಮೇಲೆ ಕರಡಿ ಬಿದ್ದದ್ದು 1823ರ ಬೇಸಿಗೆಯಲ್ಲಿ. ಸಿನಿಮಾದವರು ಚಳಿಗಾಲ ಮಾಡಿಕೊಂಡರು. ಈ ಸುಳ್ಳನ್ನು ಮಾತ್ರ ಭಾವ ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದಾರೆ. ಚಾಪ್ಲಿನ್ ವಿಷಯಕ್ಕಂತೂ ಬರಲೇಬೇಡಿ. 1925ರ 'ದಿ ಗೋಲ್ಡ್ ರಶ್'ನಲ್ಲಿ ಹಸಿವಿಗೆ ಬೇಯಿಸಿ ತಿಂದ ಆ ಬೂಟು ಜ್ಯೇಷ್ಠಮಧುವಿನಲ್ಲಿ ಮಾಡಿದ್ದು ಎಂದು ತಿಳಿದ ಮೇಲೆ ತಮ್ಮ ದವಡೆಯ ಕಡ್ಡಿಗೆ ಚಾರಿತ್ರಿಕ ಮಹತ್ವ ಬಂದಿದೆ.

ಅವರು ಬಾಯಿ ಮುಚ್ಚಿ ನೋಡಿದ್ದು ಒಂದೇ ಸಿನಿಮಾ, 'ಸೊಸೈಟಿ ಆಫ್ ದಿ ಸ್ನೋ'. 1972ರ ಅಕ್ಟೋಬರ್ 13ರಂದು ಆಂಡೀಸ್ ಪರ್ವತದಲ್ಲಿ ಬಿದ್ದ ಉರುಗ್ವೆಯ ವಿಮಾನದ ಕಥೆ. ಇದ್ದವರು 45, 72 ದಿನ ಕಳೆದು ಮನೆ ಸೇರಿದವರು 16. ತಿನ್ನಲು ಏನೂ ಉಳಿಯದಾಗ ಅವರು ಸತ್ತ ಗೆಳೆಯರ ದೇಹವನ್ನೇ ತಿಂದು ಉಳಿದರು. ಚಾತುರ್ಮಾಸ್ಯದಲ್ಲಿ ಈರುಳ್ಳಿಯನ್ನೂ ದೂರವಿಡುವ ಭಾವ ಆ ರಾತ್ರಿ ಸುಮ್ಮನೆ ಎದ್ದು ಹೋಗಿ ಮಲಗಿದರು. ಬೆಳಿಗ್ಗೆ ಎದ್ದವರಿಗೆ ಕಾಫಿ ಹತ್ತು ನಿಮಿಷ ತಡವಾಯಿತು. "ಏನೇ, ಎಷ್ಟು ಹೊತ್ತು?" ಎಂದು ಕೂಗಿದರು. "72 ದಿನ ಅಂತೂ ಆಗಿಲ್ಲಾರೀ" ಎಂದಳು ಅಕ್ಕ ಒಳಗಿಂದ.

ಈ ವಿದ್ಯೆಯ ಇನ್ನೊಂದು ಪ್ರಯೋಗ, ಕಂಡವರನ್ನೆಲ್ಲ ಹಿಮದಲ್ಲಿ ನಿಲ್ಲಿಸಿ ಅಳೆಯುವುದು. ವಿಮಾನ ಬಿದ್ದರೆ ಯಾರು ಎಷ್ಟು ದಿನ? ನನಗೆ ಮೂರು ದಿನ ಕೊಟ್ಟಿದ್ದಾರೆ. ಹೊಟ್ಟೆ ನೋಡಿ ಕರುಣೆಯಿಂದ ಇನ್ನೊಂದು ಸೇರಿಸಿದರು. ಹೋದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ಕೂತು, ಮಂಟಪದಲ್ಲಿದ್ದ ಸಣಕಲು ವರನನ್ನು ನೋಡಿ, "ಇವನು ಮೊದಲನೇ ರಾತ್ರೀನೇ ಕೈಕೊಡ್ತಾನೆ ಕಣಯ್ಯಾ" ಎಂದುಬಿಟ್ಟರು. ಪಕ್ಕದಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರು ವರನ ಸೋದರಮಾವ. ಹಿಮಪಾತದ ವಿಷಯ ಎಂದು ಅವರಿಗೆ ಅರ್ಥಮಾಡಿಸುವಷ್ಟರಲ್ಲಿ ನಮ್ಮ ಸಾಲಿಗೆ ಮೊಸರನ್ನವೇ ಬರಲಿಲ್ಲ.

ಅಕ್ಕನಿಗೆ ಹಿಡಿಸಿದ್ದು ಒಂದೇ, 'ಆರ್ಕ್ಟಿಕ್'. ವಿಮಾನ ಬಿದ್ದು ಒಂಟಿಯಾದ ಮ್ಯಾಡ್ಸ್ ಮಿಕೆಲ್ಸನ್, ಗಾಯಗೊಂಡ ಹೆಣ್ಣೊಬ್ಬಳನ್ನು ಹಿಮದ ಮೇಲೆ ಮೈಲಿಗಟ್ಟಲೆ ಎಳೆದುಕೊಂಡು ಹೋಗುತ್ತಾನೆ. "ಎಷ್ಟು ಒಳ್ಳೆಯವನು! ಅಷ್ಟು ದೂರ ಎಳೀತಾನೆ, ಒಂದು ಮಾತು ಆಡಲ್ಲ" ಎಂದು ಕಣ್ಣೊರೆಸಿಕೊಂಡಳು. ಅವತ್ತು ಗ್ಯಾಸ್ ಸಿಲಿಂಡರು ಇನ್ನೂ ಬಾಗಿಲಲ್ಲೇ ಇತ್ತು.

ಈ ಜನವರಿಯಲ್ಲಿ ಭಾವನವರಿಗೆ ಕೊನೆಗೂ ಕರೆ ಬಂತು. ಅಕ್ಕನ ಹಳೇ ಸಿಂಗಲ್ ಡೋರ್ ಫ್ರಿಜ್ಜಿನ ಮೇಲಿನ ಗೂಡು ಪೂರ್ತಿ ಹಿಮಗಟ್ಟಿ, ಒಳಗೆ ಹಿದುಕಿದ ಅವರೆಬೇಳೆಯ ಪೊಟ್ಟಣ ಸಿಕ್ಕಿಹಾಕಿಕೊಂಡಿತ್ತು. ಅಕ್ಕ ಮಧ್ಯಾಹ್ನವೆಲ್ಲ ಕೂತು, ಬೆರಳು ಸುಕ್ಕುಗಟ್ಟುವಂತೆ ಹಿದುಕಿದ ಒಂದು ಕೇಜಿ. ಸುದ್ದಿ ಕೇಳಿ ಭಾವ ಮಂಕಿ ಟೋಪಿ ಹಾಕಿಕೊಂಡೇ ಅಡುಗೆಮನೆಗೆ ಬಂದರು. ನನ್ನ ಕೈಗೆ ಟಾರ್ಚು, ಮಗನ ಕೈಗೆ ಬಿಸಿನೀರಿನ ಬಟ್ಟಲು, ತಮ್ಮ ಕೈಗೆ ಸ್ಕ್ರೂಡ್ರೈವರು. "ರೀ, ಅದರಲ್ಲಿ ಚುಚ್ಚಿದ್ರೆ ಗ್ಯಾಸೆಲ್ಲ ಹೊರಟುಹೋಗುತ್ತೆ" ಎಂದು ಅಕ್ಕ ಅದನ್ನು ಕಿತ್ತುಕೊಂಡು ಮರದ ಸೌಟು ಕೊಟ್ಟಳು. ಸೌಟು ಹಿಡಿದು ಭಾವ ಗಂಭೀರವಾದರು.

"1996ರಲ್ಲಿ ಎವರೆಸ್ಟ್ ಮೇಲೆ ಏನಾಯ್ತು ಗೊತ್ತಾ? ಮಧ್ಯಾಹ್ನ ಎರಡಕ್ಕೆ, ತುದಿ ಸಿಗಲಿ ಬಿಡಲಿ, ಹಿಂದಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಬಿರುಗಾಳಿ ಬಂತು, ಎಂಟು ಜನ ಹೋದರು. ನಾವು ಆ ತಪ್ಪು ಮಾಡಲ್ಲ."

ಹನ್ನೆರಡಕ್ಕೆ ಶುರುವಾದ ಕಾರ್ಯಾಚರಣೆಯಲ್ಲಿ ಎರಡರ ಹೊತ್ತಿಗೆ ಒಂದು ಐಸ್ ಟ್ರೇ ಮತ್ತು ಹೋದ ವರ್ಷದ ಅರ್ಧ ನಿಂಬೆಹಣ್ಣು ಪತ್ತೆಯಾದವು. ಗಡಿಯಾರ ನೋಡಿ ಭಾವ ಸೌಟು ಕೆಳಗಿಟ್ಟರು, ಊಟ ಮಾಡಿದರು, ಮಲಗಿದರು. ಅಕ್ಕ ಫ್ರಿಜ್ಜಿನ ಸ್ವಿಚ್ಚು ಆರಿಸಿ, ಬಾಗಿಲು ತೆರೆದು, ಕೆಳಗೆ ಹಳೇ ಪಂಚೆ ಹಾಸಿ ಪೇಟೆಗೆ ಹೋದಳು.

ರಾತ್ರಿ ಹಿದುಕಿದವರೆ ಸಾರು. ಎರಡನೇ ಸಲ ಬಡಿಸಿಕೊಂಡು ಭಾವ ಹೇಳಿದರು: "ನೋಡಯ್ಯಾ, ಸರಿಯಾದ ಹೊತ್ತಿಗೆ ವಾಪಸ್ ಬಂದಿದ್ದಕ್ಕೇ ಎಲ್ಲರೂ ಉಳಕೊಂಡ್ವಿ."

"ಅನ್ನ ಹಾಕ್ಲಾ?" ಎಂದಳು ಅಕ್ಕ.