ಕಂತಿನಲ್ಲಿ ಎಗರಿದ್ದು

ಆದವಾನಿಯ ಹತ್ತಿ ಮಂಡಿಯಲ್ಲಿ ಹತ್ತಿ ರೇಟು ಎಗರುತ್ತದೆ, ಅದು ಇಳಿದಾಗ ಸಾಹುಕಾರರು ಎಗರಾಡುತ್ತಾರೆ. ಲೆಕ್ಕ ಬರೆಯುವ ನಾನು ಮಾತ್ರ ಇಪ್ಪತ್ತೆರಡು ವರ್ಷದಿಂದ ಕೂತಲ್ಲೇ ಕೂತಿದ್ದೇನೆ. ಹೀಗಿರುವಾಗ ಮಗ ಫುಟ್‌ಬಾಲ್ ಆಡಿ ಬಂದು, “ಅಪ್ಪಾ, ಪ್ಲೈಯೋಮೆಟ್ರಿಕ್ಸ್ ಮಾಡ್ಬೇಕು, ಮ್ಯಾಲಿಂದ ಧುಮುಕಾಕ ಒಂದು ಪೆಟಿಗಿ ಬೇಕು” ಅಂದಾಗ ಪೆಟ್ಟಿಗೆ ಕೊಟ್ಟು ಸುಮ್ಮನಿರಬೇಕಿತ್ತು.

ಇರಲಿಲ್ಲ. ರಾತ್ರಿಯೆಲ್ಲ ಫೋನಿನಲ್ಲಿ ಓದಿದೆ. 1960ರ ದಶಕದಲ್ಲಿ ಸೋವಿಯತ್ ದೇಶದ ಯೂರಿ ವೆರ್ಖೊಶಾನ್ಸ್ಕಿ ಎಂಬಾತ ತನ್ನ ಹುಡುಗರನ್ನು ಎತ್ತರದಿಂದ ಧುಮುಕಿಸಿ, ಕಾಲು ನೆಲಕ್ಕೆ ತಾಕಿದ ಕೂಡಲೇ ಮೇಲಕ್ಕೆ ಎಗರಿಸುತ್ತಿದ್ದನಂತೆ. ಪ್ಲೈಯೋಮೆಟ್ರಿಕ್ಸ್ ಎಂಬ ಹೆಸರು ಬಂದದ್ದು 1975ರಲ್ಲಿ, ಅಮೆರಿಕದ ಫ್ರೆಡ್ ವಿಲ್ಟ್‌ನಿಂದ. ಇಳಿಯುವಾಗ ಸ್ನಾಯು ರಬ್ಬರಿನಂತೆ ಹಿಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ತಕ್ಷಣ ಎಗರಿದರೆ ಆ ಶಕ್ತಿ ನಮ್ಮದು, ತಡ ಮಾಡಿದರೆ ಬಿಸಿಯಾಗಿ ಸೋರಿಹೋಗುತ್ತದೆ. ಇಳಿಯುವುದಕ್ಕೂ ಎಗರುವುದಕ್ಕೂ ನಡುವಿನ ಆ ಗಳಿಗೆಗೆ ಇಟ್ಟ ಹೆಸರು ಅಮಾರ್ಟೈಸೇಶನ್.

ಅಮಾರ್ಟೈಸೇಶನ್! ಸಾಲವನ್ನು ಕಂತಿನಲ್ಲಿ ತೀರಿಸುವ ಲೆಕ್ಕಕ್ಕೆ ನಾವು ಅನ್ನುವುದೂ ಇದನ್ನೇ. ಎದೆ ಎರಡಿಂಚು ಉಬ್ಬಿತು. (ಹೊಟ್ಟೆ ಮೊದಲೇ ಉಬ್ಬಿತ್ತು.) “ಇದು ನನ್ನ ಸಬ್ಜೆಕ್ಟಲೇ, ಬೆಳಿಗ್ಗೆ ನಾನೇ ತೋರಿಸ್ತೀನಿ” ಅಂದೆ. ಇನ್ನೊಂದು ಧೈರ್ಯ ಸುನಿಲ್ ಛೇತ್ರಿಯದು. 2025ರ ಏಪ್ರಿಲ್‌ನಲ್ಲಿ ಗೋವಾದ ಸೆಮಿಫೈನಲ್‌ನ ಕೊನೆಗಳಿಗೆಯಲ್ಲಿ ಎಗರಿ ತಲೆಯಿಂದ ಗೋಲು ಹೊಡೆದು ಬೆಂಗಳೂರು ತಂಡವನ್ನು ಫೈನಲ್‌ಗೆ ಮುಟ್ಟಿಸಿದಾಗ ಆತನಿಗೂ ನಲವತ್ತು. ನನಗೆ ನಲವತ್ತಾರು. ಆರು ವರ್ಷ ಏನು ಮಹಾ?

ಪೆಟ್ಟಿಗೆಯೆಂದರೆ ನಮ್ಮವ್ವ ಆಲೂರಿನಿಂದ ಮದುವೆಯಾಗಿ ಬರುವಾಗ ತಂದ ಟ್ರಂಕು. ಮಗ ಟೇಪು ಹಿಡಿದ: 45 ಸೆಂಟಿಮೀಟರ್. “ಹೊಸಬರು ಇಷ್ಟೆತ್ತರದಿಂದ ಧುಮುಕಬಾರದಪ್ಪಾ, ಮೊದಲು ಹಗ್ಗದಾಟ ಆಡಿ ಕಾಲು ಗಟ್ಟಿ ಮಾಡ್ಕಬೇಕು” ಅಂದ. ಕೇಳಲಿಲ್ಲ. ಅಂಗಳಕ್ಕೆ ಹಾಸಿದ್ದು ಬೇತಂಚೆರ್ಲದ ಬಂಡೆ. ಗಟ್ಟಿ ನೆಲ ಮೊಣಕಾಲಿಗೆ ಆಗದು ಎಂದು ಓದಿದ್ದೆನಲ್ಲ, ಒಳಗಿನ ಹತ್ತಿ ಗಾದಿ ಎಳೆತಂದು ಹಾಸಿದೆ. ಹತ್ತಿ ಊರಿನವನು ಹತ್ತಿಯನ್ನು ನಂಬದೆ ಯಾರನ್ನು ನಂಬಬೇಕು?

ಧುಮುಕಿದೆ. ಅಲ್ಲಿಯವರೆಗೆ ಎಲ್ಲ ವೆರ್ಖೊಶಾನ್ಸ್ಕಿ ಹೇಳಿದಂತೆಯೇ. ಕಾಲು ನೆಲದಲ್ಲಿ ಕಾಲು ಸೆಕೆಂಡೂ ನಿಲ್ಲಬಾರದು ಎಂಬುದು ನಿಯಮ. ನನ್ನದು ಮೊದಲ ಕಂತಿನಲ್ಲಿ ಪಾದ ಗಾದಿಯೊಳಗೆ ಹೋಯಿತು, ಎರಡನೆಯದರಲ್ಲಿ ಮೊಣಕಾಲು ಒಂದನ್ನೊಂದು ತಬ್ಬಿಕೊಂಡವು, ಮೂರನೆಯದರಲ್ಲಿ ನಾನೇ ಪೂರ್ತಿ ಜಮಾ ಆದೆ. ಮೆತ್ತನೆಯ ಹಾಸು ದಪ್ಪವಾದಷ್ಟೂ ಅಮಾರ್ಟೈಸೇಶನ್ ಉದ್ದವಾಗುತ್ತದೆ, ಅದಕ್ಕೇ ಹುಲ್ಲಿನ ಮೈದಾನ ಒಳ್ಳೆಯದು ಎಂಬ ಸಾಲು ಮುಂದಿನ ಪುಟದಲ್ಲಿತ್ತಂತೆ.

ಅವ್ವ ಒಳಗಿಂದಲೇ ಕೇಳಿದಳು: “ಟ್ರಂಕಿಗೇನಾರ ಆತೇನೋ?”

ಮಗ ಕೈ ಹಿಡಿದೆತ್ತುತ್ತ, “ಇಳಿಯೋವಾಗ ಮೊಣಕಾಲು ಒಳಗ ಬಾಗಬಾರದಪ್ಪಾ, ಆಟಗಾರರ ಲಿಗಮೆಂಟು ಹರಿಯೋದೇ ಹಂಗ” ಎಂದು ಪಾಠ ಹೇಳಿದ. ಹೆಂಡತಿ ಪಾಠ ಹೇಳಲಿಲ್ಲ. ಗಾದಿ ಮಡಚಿಟ್ಟು, ಸೀರೆಯ ನೆರಿಗೆ ಸಿಕ್ಕಿಸಿ, ಬಂಡೆಯ ಸಂದಿಗಳನ್ನೇ ಗೆರೆ ಮಾಡಿಕೊಂಡು ಒಂಟಿಗಾಲಲ್ಲಿ ಟಕಟಕ ಆ ಗೋಡೆ ಮುಟ್ಟಿ ಬಂದಳು. “ಕುಂಟಾಬಿಲ್ಲೆ ರೀ. ಕೌತಾಳದಾಗ ನನ್ನ ಗೆದ್ದೋರು ಇರಲಿಲ್ಲ.” ಮಗ ಬಾಯಿ ತೆರೆದು ನೋಡಿದ. ಅವನ ಕೋಚು ಹೇಳಿಕೊಟ್ಟ ಒಂಟಿಕಾಲಿನ ಕುಪ್ಪಳಿಕೆ ಅದೇ ಆಗಿತ್ತಂತೆ, ಶೂ ಒಂದು ಇರಲಿಲ್ಲ ಅಷ್ಟೆ.

ಒಂದು ಸಲ ಮಾಡಿದ ಮೇಲೆ 48 ಗಂಟೆಯಾದರೂ ವಿಶ್ರಾಂತಿ ಬೇಕೆಂಬ ನಿಯಮವನ್ನು ಮಾತ್ರ ನಾನು ಚಾಚೂ ತಪ್ಪದೆ ಪಾಲಿಸಿದೆ. ನೀರಿನ ಕೊಡ ಎತ್ತಲಿಲ್ಲ, ಸಂತೆಗೆ ಹೋಗಲಿಲ್ಲ. ಈಗ ಮಗ ಹಗ್ಗದಾಟದಿಂದ ಶುರು ಮಾಡಿದ್ದಾನೆ, ಅವನ ಕಾಲು ನೆಲ ಮುಟ್ಟಿದ್ದನ್ನು ಎಣಿಸಿ ಬರೆಯುವ ಕೆಲಸ ನನ್ನದು. ಹೊಸಬರಿಗೆ ಒಂದು ಸಲಕ್ಕೆ 80ರಿಂದ 100. ಅಭ್ಯಾಸಬಲ ನೋಡಿ, ಅದೇ ಪುಟದಲ್ಲಿ ನನ್ನ ಖಾತೆಯನ್ನೂ ತೆರೆದೆ: ಜಮಾ 1, ಬಾಕಿ 79.

ಹೆಂಡತಿ ಬಗ್ಗಿ ಓದಿದಳು. “ಬಾಕಿ ಮನ್ನಾ ಮಾಡೇವಿ, ಏಳ್ರಿ. ನಳ ಬಂದೈತಿ.”